ಎನ್‌ಟಿಟಿ ಮಾಡಿದ್ದೀನಿ, ಮುಂದೆ ಯಾವ ಡಿಗ್ರಿ ಮಾಡ್ಲಿ? ನರ್ಸರಿ, ಅಂಗನವಾಡಿ ಟೀಚರ್ಸ್ ಯಾರಾದ್ರೂ ಇದ್ರೆ ಹೇಳಿ

ಹಾಸನದ_ಮಿಸ್
ಎಲ್ರಿಗೂ ನಮಸ್ಕಾರ. ನಾನು ಪಿಯುಸಿ ಆರ್ಟ್ಸ್, 58 ಪರ್ಸೆಂಟ್. ಆಮೇಲೆ ಒಂದು ವರ್ಷ ಎನ್‌ಟಿಟಿ, ಅಂದ್ರೆ ನರ್ಸರಿ ಟೀಚರ್ ಟ್ರೈನಿಂಗ್ ಮಾಡ್ದೆ, ಬಸ್ ಸ್ಟ್ಯಾಂಡ್ ಹತ್ರ ಬಿಲ್ಡಿಂಗ್ ಮೇಲೆ ಇದ್ದ ಒಂದು ಇನ್‌ಸ್ಟಿಟ್ಯೂಟ್‌ನಲ್ಲಿ, 22 ಸಾವಿರ ಫೀಸ್ ಕಟ್ಟಿ. ನಾಲ್ಕು ವರ್ಷದಿಂದ ಪ್ರೈವೇಟ್ ಸ್ಕೂಲಲ್ಲಿ ಎಲ್‌ಕೆಜಿ ಮಕ್ಕಳಿಗೆ ಮಿಸ್ಸು. ಈ ಸಲ ಬೇರೆ ಸ್ಕೂಲಿಗೆ ಇಂಟರ್‌ವ್ಯೂಗೆ ಹೋದಾಗ ಅಲ್ಲಿನ ಮೇಡಂ ನನ್ನ ಸರ್ಟಿಫಿಕೇಟ್ ತಿರುಗಿಸಿ ತಿರುಗಿಸಿ ನೋಡಿ, ಇದಕ್ಕೆ ಯಾರ ಮಾನ್ಯತೆ ಇದೆಯಮ್ಮ, ಯಾವ ಯೂನಿವರ್ಸಿಟಿ, ಯಾವ ಬೋರ್ಡು ಅಂತ ಕೇಳಿದ್ರು. ನನಗೆ ಉತ್ತರ ಗೊತ್ತಿರ್ಲಿಲ್ಲ. ಸೀಲು ಇದೆ, ಹಾಲೊಗ್ರಾಮ್ ಇದೆ, ಇಂಟರ್‌ನ್ಯಾಷನಲ್ ಅಂತ ದೊಡ್ಡದಾಗಿ ಬರೆದಿದೆ, ಅಷ್ಟೇ. ಬರ್ತಾ ಬಸ್ಸಲ್ಲಿ ಕಣ್ಣಲ್ಲಿ ನೀರು ಬಂತು, ನಾಲ್ಕು ವರ್ಷ ಮಕ್ಕಳ ಮೂಗು ಒರೆಸಿ, ಅಕ್ಷರ ತಿದ್ದಿಸಿ, ಕೊನೆಗೆ ಓದೇ ಇಲ್ಲದವಳ ಥರ ನಿಂತ್ಕೊಂಡ್ನಲ್ಲ ಅಂತ.
ಈಗ ಡಿಗ್ರಿ ಮಾಡ್ಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೀನಿ. ಒಬ್ಬೊಬ್ರು ಒಂದೊಂದು ಹೇಳ್ತಾರೆ. ಬಿಎಡ್ ಅಂತಾರೆ, ಡಿಎಡ್ ಅಂತಾರೆ, ಮಾಂಟೆಸ್ಸರಿ ಅಂತಾರೆ, ಹೋಮ್ ಸೈನ್ಸ್ ಅಂತಾರೆ. ಕೆಲಸ ಬಿಟ್ಟು ಓದೋಕೆ ಮನೇಲಿ ಕಷ್ಟ ಇದೆ. ದಯವಿಟ್ಟು ಗೊತ್ತಿರೋರು ಹೇಳಿ.

ರಾಜೇಶ_ಬಿಎಡ್
ಬಿಎ ಮಾಡಿ ಆಮೇಲೆ ಬಿಎಡ್ ಮಾಡಿ ಮೇಡಂ, ನರ್ಸರಿಯಿಂದ ಹೈಸ್ಕೂಲ್ ತನಕ ಎಲ್ಲದಕ್ಕೂ ಆಗುತ್ತೆ.

ಡಯಟ್_ಮೇಷ್ಟ್ರು
ರಾಜೇಶ್ ಅವ್ರೆ, ಈ ಮಾತನ್ನ ನಂಬಿ ಎಷ್ಟೋ ಜನ ಕೆಟ್ಟಿದ್ದಾರೆ, ಅದಕ್ಕೇ ತಕ್ಷಣ ಬರೀತಿದ್ದೀನಿ. 2018ರಲ್ಲಿ ಎನ್‌ಸಿಟಿಇ, ಅಂದ್ರೆ ಟೀಚರ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡೋ ಕೇಂದ್ರದ ಸಂಸ್ಥೆ, ಒಂದು ಅಧಿಸೂಚನೆ ಹೊರಡಿಸಿ ಬಿಎಡ್ ಆದವರೂ 1ರಿಂದ 5ನೇ ತರಗತಿಗೆ ಪಾಠ ಮಾಡಬಹುದು ಅಂದಿತ್ತು. 2023ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ, ಚಿಕ್ಕ ಮಕ್ಕಳಿಗೆ ಕಲಿಸೋ ವಿದ್ಯೆಯೇ ಬೇರೆ, ಅದಕ್ಕೆ ತಯಾರಾದೋರು ಡಿಎಲ್‌ಎಡ್‌ನವ್ರು (ಹಿಂದಿನ ಡಿಎಡ್) ಅನ್ನೋದು ಆ ತೀರ್ಪಿನ ತಿರುಳು. ಬಿಎಡ್ ಕೋರ್ಸು ನೋಡಿ, ಅದು ದೊಡ್ಡ ಮಕ್ಕಳಿಗೆ ವಿಷಯ ಬೋಧಿಸೋದಕ್ಕೆ ಕಟ್ಟಿರೋದು, ಮೂರೂವರೆ ವರ್ಷದ ಕೂಸು ಯಾಕೆ ಕಚ್ಚುತ್ತೆ ಅಂತ ಅದರಲ್ಲಿ ಎಲ್ಲೂ ಬರಲ್ಲ.
ಹಾಸನದ ತಂಗಿ, ನಿಮಗೆ ವಿವರವಾಗಿ ರಾತ್ರಿ ಬರೀತೀನಿ, ಈಗ ಕ್ಲಾಸಿದೆ.

ಧಾರವಾಡದ_ಅಕ್ಕೋರು
ತಂಗಿ, ನಾ ಅಂಗನವಾಡಿ ಮೇಲ್ವಿಚಾರಕಿ ಆಗಿ ರಿಟೈರ್ ಆದಾಕಿ. ಎಸೆಸೆಲ್ಸಿ ಮ್ಯಾಲೆ ಕಾರ್ಯಕರ್ತಿ ಆಗಿ ಸೇರಿದ್ದೆ, ಎಕ್ಸ್‌ಟರ್ನಲ್ ಬಿಎ ಕಟ್ಟಿ ಪ್ರಮೋಷನ್ ತಗೊಂಡೆ. ನೀ ಡಿಗ್ರಿ ಯಾವ್ದು ಅಂತ ಕೇಳೂಕಿಂತ ಮೊದ್ಲ ನನಗ ಇದನ್ನ ಹೇಳು, ನಿನಗ ಯಾವ ಖೋಲಿಯೊಳಗ ಕುಂದ್ರಬೇಕಂತ ಐತಿ? ಯಾಕಂದ್ರ ಖೋಲಿಗೊಂದು ಬಾಗಲಾ, ಬಾಗಲಿಗೊಂದು ಕೀಲಿ ಐತಿ. ಅಂಗನವಾಡಿ ಅಂದ್ರ ಮಹಿಳಾ ಮತ್ತು ಮಕ್ಕಳ ಇಲಾಖೆ, ಅಲ್ಲಿ ಪಿಯುಸಿ ಪಾಸಾಗಿರಬೇಕು, ಅದ ಊರಾಕಿ ಆಗಿರಬೇಕು. ಸರಕಾರಿ ಸಾಲಿ ಒಂದನೆತ್ತಿ ಎರಡನೆತ್ತಿ ಅಂದ್ರ ಶಿಕ್ಷಣ ಇಲಾಖೆ, ಅಲ್ಲಿ ಡಿಎಲ್‌ಎಡ್ ಮತ್ತ ಟಿಇಟಿ, ಅಂದ್ರ ಶಿಕ್ಷಕರ ಅರ್ಹತಾ ಪರೀಕ್ಷೆ, ಅದರ ಒಂದನೇ ಪೇಪರ್. ಪ್ರೈವೇಟ್ ನರ್ಸರಿ ಅಂದ್ರ ಅವರ ಕೇಳಿದ್ದ ಕಾನೂನು. ಇನ್ನ ನನ್ನಂಗ ಮೇಲ್ವಿಚಾರಕಿ ಆಗ್ಬೇಕಂದ್ರ ಡಿಗ್ರಿ ಬೇಕ ಬೇಕು, ಅದರಾಗ ಒಂದು ಪಾಲು ಕಾರ್ಯಕರ್ತೆಯರಿಗೆ ಅಂತ ಇಟ್ಟಿರ್ತಾರ. ಖೋಲಿ ಗೊತ್ತಾತಂದ್ರ ಕೋರ್ಸು ತಾನ ಗೊತ್ತಾಕ್ಕೇತಿ. ಇಲ್ಲಾಂದ್ರ ರೊಕ್ಕಾನೂ ಹೊಕ್ಕೇತಿ, ವರ್ಷಾನೂ ಹೊಕ್ಕಾವು.

ಹಾಸನದ_ಮಿಸ್
ಅಕ್ಕೋರೆ, ಯಾರೂ ಹೀಗೆ ಕೇಳೇ ಇರ್ಲಿಲ್ಲ ನನ್ನ. ನಿಜ ಹೇಳ್ಬೇಕು ಅಂದ್ರೆ ನನಗೆ ಒಂದನೇ ಕ್ಲಾಸಿಗೆ ಹೋಗೋ ಆಸೆ ಇಲ್ಲ, 3ರಿಂದ 6 ವರ್ಷದ ಮಕ್ಕಳ ಜೊತೆನೇ ಇರ್ಬೇಕು. ಅಂಗನವಾಡಿ ಆದ್ರೂ ಸರಿ, ಒಳ್ಳೆ ನರ್ಸರಿ ಆದ್ರೂ ಸರಿ. ಹತ್ತು ವರ್ಷ ಬಿಟ್ಟು ಬೇರೆ ಟೀಚರ್ಸ್‌ಗೆ ಟ್ರೈನಿಂಗ್ ಕೊಡೋ ಹಾಗೆ ಆಗ್ಬೇಕು ಅಂತ ಒಳಗೊಳಗೇ ಇದೆ.

ತುಮಕೂರು_ಕಾರ್ಯಕರ್ತೆ
ನಾನು 11 ವರ್ಷದಿಂದ ಅಂಗನವಾಡಿಲಿದೀನಿ. ನಮ್ಮಲ್ಲಿ ಸೇರೋಕೆ ಈಗ ಆನ್‌ಲೈನ್ ಅರ್ಜಿ, ಅಂಕದ ಮೇಲೆ ಆಯ್ಕೆ. ಇಸಿಸಿಇ (ಶಿಶು ಆರೈಕೆ ಮತ್ತು ಶಿಕ್ಷಣ) ಡಿಪ್ಲೊಮಾ, ಎನ್‌ಟಿಟಿ, ನ್ಯೂಟ್ರಿಷನ್ ಡಿಪ್ಲೊಮಾ ಥರದ್ದು ಇದ್ರೆ ಹೆಚ್ಚುವರಿ ಅಂಕ ಇದೆ ಆದ್ರೆ ಅಂಗೀಕೃತ ಸಂಸ್ಥೆದೇ ಆಗಿರ್ಬೇಕು ಅಂತ ನೋಟಿಫಿಕೇಷನ್‌ನಲ್ಲೇ ಬರೆದಿರ್ತಾರೆ, ನಿಮ್ಮ ಸರ್ಟಿಫಿಕೇಟ್ ಅಲ್ಲೇ ಸಿಕ್ಕಾಕ್ಕೊಳೋದು.
ಕೆಲಸದ ಬಗ್ಗೆ ಒಂದು ಮಾತು. ಜನ ಅಂಗನವಾಡಿ ಅಂದ್ರೆ ಮೊಟ್ಟೆ, ಪುಷ್ಟಿ ಪ್ಯಾಕೆಟ್ಟು ಅಷ್ಟೇ ಅನ್ಕೊಂಡಿದಾರೆ. ತೂಕ ಹಾಕು, ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬು, ಬಾಣಂತಿ ಮನೆಗೆ ಹೋಗು, ಸರ್ವೆ ಮಾಡು, ಇದರ ಮಧ್ಯೆ ಪಾಠ. ಆದ್ರೂ ಬೆಳಿಗ್ಗೆ ಒಂದೂವರೆ ಗಂಟೆ ನಾನು ಯಾರಿಗೂ ಬಿಟ್ಟು ಕೊಡಲ್ಲ. ಒಂದು ಮೊರದ ತುಂಬ ಹುಣಸೆ ಬೀಜ, ಅವರೆ ಕಾಳು, ಹೊಂಗೆ ಕಾಯಿ ಸುರಿದು ಕೂರ್ತೀನಿ. ಮಕ್ಕಳು ಬೇರೆ ಬೇರೆ ಮಾಡ್ತಾವೆ, ಸಾಲು ಇಡ್ತಾವೆ, ಎಣಿಸ್ತಾವೆ, ಜಗಳ ಆಡ್ತಾವೆ. ಮೊನ್ನೆ ಒಂದು ಹುಡುಗ ಹುಣಸೆ ಬೀಜನ ನೆಲಕ್ಕೆ ಉಜ್ಜಿ ಬಿಸಿ ಮಾಡಿ ಪಕ್ಕದೋಳ ಕೈಗೆ ಮುಟ್ಟಿಸಿ ನೋಡು ಇದಕ್ಕೆ ಜ್ವರ ಬಂದಿದೆ ಅಂದ. ಇದನ್ನ ಪಾಠ ಅಂತ ನೋಡೋಕೆ ನನಗೆ ಯಾರು ಕಲಿಸಿದ್ರು ಅಂದ್ರೆ ನಮ್ಮ ಅಂಗನವಾಡಿ ಪಾಠದ ಚಿಲಿಪಿಲಿ ಪುಸ್ತಕದ ತರಬೇತಿ ಕೊಟ್ಟ ಒಬ್ಬ ಮೇಡಂ. ಅವ್ರು ಹೋಮ್ ಸೈನ್ಸ್ ಓದಿದ್ದೋರು.

ಧಾರವಾಡದ_ಅಕ್ಕೋರು
ಜ್ವರ ಬಂದೈತಿ ಅಂದ್ನಾ! ಅದನ್ನ ಬರದ ಇಡವ್ವಾ ಒಂದು ನೋಟ್‌ಬುಕ್ಕಿನ್ಯಾಗ. ಉಜ್ಜಿದ್ರ ಬಿಸಿ ಆಕ್ಕೇತಿ ಅಂತ ಅವಗ ತಿಳದೈತಿ, ಜ್ವರ ಅಂದ್ರ ಮೈ ಬಿಸಿ ಅಂತ ತಿಳದೈತಿ, ಎರಡೂ ಕೂಡ್ಸಿ ಮಾತಾಡ್ಯಾನ. ಇಂಥಾದ್ದನ್ನ ಹಿಡಿಯೂ ಕಣ್ಣು ಯಾವ ಕೋರ್ಸ್ ಕೊಡತೈತೋ ಅದನ್ನ ಮಾಡ್ರಿ.

ಡಯಟ್_ಮೇಷ್ಟ್ರು
ಹೇಳಿದ್ನಲ್ಲ, ಬಂದೆ. ಉದ್ದ ಆಗುತ್ತೆ, ಸಹಿಸ್ಕೊಳ್ಳಿ.
ಮೊದಲನೇದು ಡಿಪಿಎಸ್‌ಇ, ಅಂದ್ರೆ ಡಿಪ್ಲೊಮಾ ಇನ್ ಪ್ರಿಸ್ಕೂಲ್ ಎಜುಕೇಷನ್. ನೀವು ಹೇಳಿದ 3ರಿಂದ 6 ವರ್ಷಕ್ಕೆ ಎನ್‌ಸಿಟಿಇ 2014ರ ನಿಯಮಾವಳಿಯಲ್ಲೇ ಇರೋ ಕೋರ್ಸ್ ಇದು. ಎರಡು ವರ್ಷ, ಪಿಯುಸಿಲಿ 50 ಪರ್ಸೆಂಟ್ ಬೇಕು, ನಿಮಗಿದೆ. ಆದ್ರೆ ದಿನಾ ಹೋಗಿ ಓದ್ಬೇಕು, ಕೆಲಸದ ಜೊತೆ ಆಗಲ್ಲ. ಎನ್‌ಟಿಟಿ ಅಂತ ಗಲ್ಲಿ ಗಲ್ಲೀಲಿ ಬೋರ್ಡ್ ಹಾಕಿರೋದಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ, ಇದಕ್ಕೆ ಮಾನ್ಯತೆ ಆದೇಶ ಇರುತ್ತೆ. ಎನ್‌ಸಿಟಿಇ ವೆಬ್‌ಸೈಟಲ್ಲಿ ರಾಜ್ಯವಾರು ಪಟ್ಟಿ ಇದೆ, ಕಾಲೇಜಿನ ಹೆಸರು ಅದರಲ್ಲಿ ಇಲ್ಲ ಅಂದ್ರೆ ಬಾಗಿಲಿಂದಲೇ ವಾಪಸ್ ಬನ್ನಿ.
ಡಿಎಲ್‌ಎಡ್, ಹಿಂದಿನ ಟಿಸಿಎಚ್, ಡಿಎಡ್ ಅಂತೀವಲ್ಲ ಅದು. ಇದೂ ಎರಡು ವರ್ಷ, 50 ಪರ್ಸೆಂಟ್. ಇದು 1ರಿಂದ 5ನೇ ತರಗತಿಗೆ. ನಿಮಗೆ ಅಲ್ಲಿಗೆ ಹೋಗೋ ಮನಸ್ಸಿಲ್ಲ ಅಂದ್ರಿ, ಹಾಗಾಗಿ ಇದನ್ನ ಹೆಚ್ಚು ಎಳೆಯಲ್ಲ.
ಇನ್ನು ಐಟಿಇಪಿ. ಇದು ಪಿಯುಸಿ ಆದಮೇಲೆ ನಾಲ್ಕು ವರ್ಷದ ಇಂಟಿಗ್ರೇಟೆಡ್ ಡಿಗ್ರಿ, ಬಿಎ ಬಿಎಡ್, ಬಿಎಸ್‌ಸಿ ಬಿಎಡ್, ಬಿಕಾಂ ಬಿಎಡ್. 2020ರ ರಾಷ್ಟ್ರೀಯ ಶಿಕ್ಷಣ ನೀತಿ 10+2ನ್ನ ಒಡೆದು 5+3+3+4 ಮಾಡ್ತಲ್ಲ, ಅದರಲ್ಲಿ ಮೊದಲನೇ 5 ಅಂದ್ರೆ 3ರಿಂದ 8 ವರ್ಷ, ಮೂರು ವರ್ಷ ಅಂಗನವಾಡಿ ಅಥವಾ ನರ್ಸರಿ, ಆಮೇಲೆ 1, 2ನೇ ತರಗತಿ. ಇದಕ್ಕೆ ಬುನಾದಿ ಹಂತ ಅಂತ ಹೆಸರು. ಐಟಿಇಪಿಲಿ ಈ ಬುನಾದಿ ಹಂತಕ್ಕೇ ಅಂತ ಬೇರೆ ಓದು ಇದೆ. 2023-24ರಲ್ಲಿ ದೇಶದಲ್ಲಿ 57 ಸಂಸ್ಥೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯ್ತು, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಆರ್‌ಐಇಲೂ ಐಟಿಇಪಿ ಇದೆ. ಎನ್‌ಸಿಇಟಿ ಅಂತ ಪ್ರವೇಶ ಪರೀಕ್ಷೆ ಬರೀಬೇಕು. ಎಚ್ಚರ ಏನಪ್ಪಾ ಅಂದ್ರೆ ಐಟಿಇಪಿ ಅನ್ನೋ ಹೆಸರು ಒಂದೇ, ಒಳಗೆ ಹಂತ ನಾಲ್ಕು. ಬುನಾದಿ, ಪೂರ್ವಸಿದ್ಧತಾ, ಮಧ್ಯಮ, ಪ್ರೌಢ. ಕಾಲೇಜಿನವರು ಪ್ರೌಢ ಹಂತದ್ದು ಕೊಡ್ತಿದ್ರೆ ನೀವು ನಾಲ್ಕು ವರ್ಷ ಓದಿ ಹೈಸ್ಕೂಲ್ ಮೇಡಂ ಆಗ್ತೀರ. ಆ ಹೆಸರಿನ ಪಕ್ಕ ಯಾವ ಹಂತ ಅಂತ ಬರೆದಿದೆ ಅಂತ ಕೇಳದೆ ಸೇರಬೇಡಿ.

ಮೈಸೂರು_ಅಪ್ಪ
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ನನ್ನ ಮಗಳು ಎನ್‌ಸಿಇಟಿ ಬರೆದಳು, ಕನ್ನಡದಲ್ಲೇ ಬರೀಬಹುದು, 13 ಭಾಷೇಲಿ ಇರುತ್ತೆ. ಫಾರ್ಮಲ್ಲಿ ಹಂತ ಆರಿಸೋ ಜಾಗದಲ್ಲಿ ನಾವು ಅರ್ಧ ದಿನ ಕೂತು ಫೋನ್ ಮಾಡಿ ವಿಚಾರಿಸಿದ್ವಿ. ನಮ್ಮ ಮನೇಲಿ ಎಲ್ರೂ ಎಂಜಿನಿಯರಿಂಗ್ ಬಿಟ್ಟು ಮಕ್ಕಳಿಗೆ ಅಆಇಈ ಹೇಳ್ಕೊಡೋಕೆ ನಾಲ್ಕು ವರ್ಷ ಓದಬೇಕಾ ಅಂದ್ರು. ನನಗೆ ಆ ಮಾತು ಈಗ್ಲೂ ನೋವಾಗುತ್ತೆ. ಹಸು ಕರುಗೆ ಔಷಧಿ ಕೊಡೋಕೆ ಐದೂವರೆ ವರ್ಷ ಓದ್ಬೇಕು, ನಮ್ಮ ಮಗುವಿನ ಮೊದಲನೇ ಟೀಚರ್ ಮಾತ್ರ ಏನೂ ಓದದೆ ಇದ್ರೂ ಆಗುತ್ತಾ?

ಕುಡ್ಲದ_ಟೀಚರ್
ನಾನು ಮಾಂಟೆಸ್ಸರಿ ಬಗ್ಗೆ ಹೇಳ್ತೇನೆ, ಯಾಕೆಂದ್ರೆ ಇದರಲ್ಲಿ ಕೂಡ ತುಂಬಾ ಮೋಸ ಉಂಟು. ಮರಿಯಾ ಮಾಂಟೆಸ್ಸರಿ ಅವರೇ 1939ರಲ್ಲಿ ಮದ್ರಾಸಿಗೆ ಬಂದು ಅಡ್ಯಾರಿನಲ್ಲಿ ತರಬೇತಿ ಕೊಟ್ಟವರು, ಯುದ್ಧದ ವರ್ಷಗಳನ್ನೆಲ್ಲ ಇಲ್ಲೇ ಕಳೆದವರು, ಹಾಗಾಗಿ ನಮ್ಮ ಕಡೆ ಈ ವಿದ್ಯೆಗೆ ಗಟ್ಟಿ ಬೇರು ಉಂಟು. ಆದ್ರೆ ಆ ಹೆಸರನ್ನು ಯಾರು ಬೇಕಾದ್ರೂ ಬೋರ್ಡಿಗೆ ಹಾಕ್ಲಿಕ್ಕೆ ಆಗ್ತದೆ. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿ ಮಾಂಟೆಸ್ಸರಿ ಡಿಪ್ಲೊಮಾ ಅಂತ ಹೇಳುವವರೂ ಇದ್ದಾರೆ. ನೀವು ನೋಡುವುದಾದ್ರೆ ಎಎಂಐ, ಅಂದ್ರೆ ಅಂತಾರಾಷ್ಟ್ರೀಯ ಮಾಂಟೆಸ್ಸರಿ ಸಂಸ್ಥೆಯ ಡಿಪ್ಲೊಮಾ, ಅಥವಾ ಬೆಂಗಳೂರಿನ ಇಂಡಿಯನ್ ಮಾಂಟೆಸ್ಸರಿ ಸೆಂಟರ್‌ನವರ ಕೋರ್ಸ್ ಥರದ್ದು ನೋಡಿ. ಅಲ್ಲಿ ಆಲ್ಬಮ್ ಬರೆಯಲಿಕ್ಕೆ ಉಂಟು, ಒಂದೊಂದು ಸಾಮಗ್ರಿಯನ್ನು ಹೇಗೆ ಎತ್ತುವುದು ಹೇಗೆ ಇಡುವುದು ಅಂತ ಚಿತ್ರ ಸಮೇತ ನಾವೇ ಬರೆಯಬೇಕು. ಮತ್ತೆ ಕ್ಲಾಸಿನ ಮೂಲೆಯಲ್ಲಿ ಕೂತು ಗಂಟೆಗಟ್ಟಲೆ ನೋಡ್ಲಿಕ್ಕೆ, ಬಾಯಿ ಮುಚ್ಚಿ. ನನಗೆ ಅದೇ ಕಷ್ಟ ಆದದ್ದು. ಪಿಂಕ್ ಟವರ್ ಉಂಟಲ್ಲ, 1 ಸೆಂಟಿಮೀಟರಿಂದ 10 ಸೆಂಟಿಮೀಟರ್‌ವರೆಗೆ ಹತ್ತು ಘನ, ಒಂದು ಮಗು ಅದನ್ನು ಏಳು ಸಲ ತಪ್ಪು ಕಟ್ಟಿತು, ನನ್ನ ಕೈ ತುರಿಸ್ತಾ ಇತ್ತು ಸರಿ ಮಾಡ್ಲಿಕ್ಕೆ. ಎಂಟನೇ ಸಲ ಅದೇ ನಿಂತು, ಚಿಕ್ಕ ಘನವನ್ನು ಎರಡು ಬೆರಳಲ್ಲಿ ಹಿಡಿದು, ಉಸಿರು ಬಿಗಿ ಹಿಡಿದು ಮೇಲೆ ಇಟ್ಟಿತು. ಆ ದಿನ ನಾನು ಟೀಚರ್ ಆದೆ ಅಂತ ನಾನು ಲೆಕ್ಕ ಹಾಕುವುದು.
ಆದ್ರೆ ಇದು ಡಿಗ್ರಿ ಅಲ್ಲ, ಯೂನಿವರ್ಸಿಟಿಯ ಪದವಿ ಅಲ್ಲ, ಸರಕಾರಿ ಹುದ್ದೆಗೆ ಪದವಿ ಕೇಳಿದಲ್ಲಿ ಇದನ್ನು ಕೊಟ್ರೆ ಆಗುವುದಿಲ್ಲ. ಫೀಸು ಕೂಡ ನಮ್ಮಂಥವರಿಗೆ ಭಾರ.

ಹುಬ್ಬಳ್ಳಿ_ಹೋಮ್‌ಸೈನ್ಸ್
ಹೋಮ್ ಸೈನ್ಸ್ ಅಂದ ಕೂಡ್ಲೆ ಅಡಗಿ ಹೊಲಿಗಿ ಅಂತ ನಗ್ತಾರ, ಅದಕ್ಕ ಬರೀಬೇಕನಿಸ್ತು. ಇದರಾಗ ಹ್ಯೂಮನ್ ಡೆವಲಪ್‌ಮೆಂಟ್ ಅಂತ ಒಂದು ವಿಷಯ ಐತ್ರಿ, ಮಗು ಹೊಟ್ಟ್ಯಾಗ ಇದ್ದಾಗಿಂದ ಮುಪ್ಪಿನ ತನಕ. ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ 1974ರಿಂದ ಇದರ ಕಾಲೇಜ್ ಐತಿ, ಈಗ ಕಮ್ಯುನಿಟಿ ಸೈನ್ಸ್ ಅಂತ ಹೆಸರು, ನಾಲ್ಕು ವರ್ಷದ ಬಿಎಸ್‌ಸಿ ಆನರ್ಸ್, ಆದ್ರ ಪಿಯುಸಿ ಸೈನ್ಸ್ ಆಗಿರಬೇಕು. ಬೆಂಗಳೂರಾಗ ಶೇಷಾದ್ರಿ ರಸ್ತೆದಾಗ ವಿಎಚ್‌ಡಿ ಹೋಮ್ ಸೈನ್ಸ್ ಕಾಲೇಜ್ ಐತಿ. ಮುಂದ ಎಂಎಸ್‌ಸಿಗೆ ಬರೋಡಾದ ಎಂಎಸ್ ಯೂನಿವರ್ಸಿಟಿ ಅಂದ್ರ ಈ ವಿಷಯಕ್ಕ ತವರುಮನಿ ಇದ್ದಂಗ.
ನಾ ಕಲ್ತ ಕಾಲೇಜಿನ್ಯಾಗ ಒಂದು ಲ್ಯಾಬ್ ನರ್ಸರಿ ಇತ್ತು. ಒಂದು ಜಾಲರಿ ಹಿಂದ ಕುಂತು ಒಂದ ಕೂಸನ್ನ ಹದಿನೈದು ನಿಮಿಷ ನೋಡಿ ಕಂಡದ್ದಷ್ಟನ್ನ ಬರೀಬೇಕು. ನಾ ಮೊದಲನೇ ದಿನ 'ಹುಡುಗಿ ಹಟ ಮಾಡಿದಳು' ಅಂತ ಬರದೆ. ಮೇಡಂ ಅದಕ್ಕ ಕೆಂಪು ಗೆರಿ ಎಳದು, ಹಟ ನಿನಗ ಕಣ್ಣಿಗೆ ಕಾಣ್ತೇನು, ಆಕಿ ಏನ್ ಮಾಡಿದ್ಲು ಅದನ್ನ ಬರಿ ಅಂದ್ರು. ತಿರಗಿ ಬರದೆ, 'ಚೀಲ ಎದಿಗವಚಿಕೊಂಡು ಬಾಗಲ ಕಡೆ ನೋಡ್ಕೋತ ನಿಂತಳು, ಅಕ್ಕೋರು ಕೈ ಹಿಡದ್ರ ಕೈ ಎಳಕೊಂಡಳು.' ಬರದ ಮ್ಯಾಲೆ ನನಗ ತಿಳೀತು, ಅದು ಹಟ ಅಲ್ಲ, ಅವ್ವ ಬರ್ತಾಳೋ ಇಲ್ಲೋ ಅನ್ನೂ ಅಂಜಿಕಿ. ಹಟ ಅಂದಿದ್ರ ಬೈತಿದ್ದೆ.

ಹಾಸನದ_ಮಿಸ್
ನನ್ನ ಕ್ಲಾಸಲ್ಲೂ ಚೀಲ ಬಿಡದ ಹುಡುಗ ಒಬ್ಬ ಇದ್ದಾನೆ ಮೇಡಂ. ಊಟಕ್ಕೂ ಚೀಲ ಹಾಕ್ಕೊಂಡೇ ಕೂರ್ತಾನೆ. ನಾನು ದಿನಾ ಕಿತ್ತು ಗೂಟಕ್ಕೆ ನೇತು ಹಾಕ್ತಿದ್ದೆ. ನಾಳೆಯಿಂದ ಹಾಕಲ್ಲ.
ನಾನು ಆರ್ಟ್ಸ್, ಹಾಗಾಗಿ ಕಮ್ಯುನಿಟಿ ಸೈನ್ಸ್ ಆಗಲ್ಲ ಅಂತಾಯ್ತು. ದೂರ ಶಿಕ್ಷಣದಲ್ಲಿ ಏನಾದ್ರೂ ಇದೆಯಾ?

ಡಯಟ್_ಮೇಷ್ಟ್ರು
ಇದೆ, ನಿಮ್ಮ ಪರಿಸ್ಥಿತಿಗೆ ನನಗೆ ಇದೇ ಸರಿ ಅನ್ಸುತ್ತೆ. ಇಗ್ನೋ, ಅಂದ್ರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಡಿಇಸಿಇ ಅಂತ ಡಿಪ್ಲೊಮಾ, ಶಿಶು ಆರೈಕೆ ಮತ್ತು ಶಿಕ್ಷಣದ್ದು. ಪಿಯುಸಿ ಸಾಕು, ಕಡಿಮೆ ಅಂದ್ರೆ ಒಂದು ವರ್ಷ. 32 ಕ್ರೆಡಿಟ್, ಮಗುವಿನ ಆರೈಕೆ ಕೇಂದ್ರ ನಡೆಸೋದು, ಆರೋಗ್ಯ ಪೋಷಣೆ, ಮಕ್ಕಳ ಸೇವೆಗಳು, ಅದರ ಜೊತೆ 8 ಕ್ರೆಡಿಟ್ ಪ್ರಾಜೆಕ್ಟ್ ಕೆಲಸ. ನೀವು ಈಗಾಗ್ಲೇ ಮಕ್ಕಳ ಜೊತೆ ಇದ್ದೀರ, ಪ್ರಾಜೆಕ್ಟಿಗೆ ಮಕ್ಕಳನ್ನ ಹುಡುಕ್ಕೊಂಡು ಹೋಗೋದೇ ಬೇಡ.
ಇದರ ಜೊತೆಗೇ ಬಿಎನೂ ಶುರು ಮಾಡಬಹುದು. 2022ರ ಏಪ್ರಿಲ್‌ನಲ್ಲಿ ಯುಜಿಸಿ ಒಟ್ಟಿಗೆ ಎರಡು ಕೋರ್ಸ್ ಓದೋಕೆ ಒಪ್ಪಿಗೆ ಕೊಡ್ತು, ಎರಡೂ ದೂರ ಶಿಕ್ಷಣ ಆದ್ರೂ ನಡೆಯುತ್ತೆ, ಸೇರೋ ಮುಂಚೆ ಆ ಯೂನಿವರ್ಸಿಟಿ ನಿಯಮಾನೂ ಓದ್ಕೊಳ್ಳಿ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಇದೆ, ಇಗ್ನೋ ಇದೆ. ವಿಷಯ ಆರಿಸೋವಾಗ ಸೈಕಾಲಜಿ, ಸೋಷಿಯಾಲಜಿ, ಸೋಷಿಯಲ್ ವರ್ಕ್ ಕಡೆ ಕಣ್ಣಿಡಿ, ಮುಂದೆ ಮೇಲ್ವಿಚಾರಕಿ ಹುದ್ದೆ ಅಥವಾ ಎಂಎಗೆ ಅದು ದಾರಿ. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದಲ್ಲಿ ಇಸಿಸಿಇಗೇ ಅಂತ ಎಂಎ ಇದೆ, ನೀವು ಟ್ರೈನರ್ ಆಗ್ಬೇಕು ಅಂದ್ರಲ್ಲ, ಅದನ್ನ ಮನಸ್ಸಲ್ಲಿ ಇಟ್ಕೊಂಡಿರಿ.

ತುಮಕೂರು_ಕಾರ್ಯಕರ್ತೆ
ಮೇಷ್ಟ್ರೆ, ಶಿಕ್ಷಣ ನೀತಿಲಿ ನಮಗೂ ಬರೆದಿದಾರೆ. ಪಿಯುಸಿ ಆದ ಕಾರ್ಯಕರ್ತೆಗೆ 6 ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಮ್ಮಿ ಓದಿದೋರಿಗೆ 1 ವರ್ಷದ ಡಿಪ್ಲೊಮಾ, ಕೆಲಸ ಮಾಡ್ತಾನೇ ಫೋನಲ್ಲಿ ಟಿವಿಲಿ ಕಲಿಯೋ ಹಾಗೆ ಅಂತ. 2023ರಲ್ಲಿ ಪೋಷಣ್ ಭೀ ಪಢಾಯಿ ಭೀ (ಪೋಷಣೆನೂ ಪಾಠನೂ) ಅಂತ ಕೇಂದ್ರದ ಕಾರ್ಯಕ್ರಮ ಶುರುವಾಯ್ತು. ಅದರ ತರಬೇತಿ ನನಗೆ ಮೂರು ದಿನ ಸಿಕ್ತು. ಒಳ್ಳೇದೇ ಹೇಳ್ಕೊಟ್ರು, ಆದ್ರೆ ಮೂರು ದಿನ ಎಲ್ಲಿ, ಆರು ತಿಂಗಳೆಲ್ಲಿ. ಸರ್ಕಾರಿ ಶಾಲೆಲೇ ಎಲ್‌ಕೆಜಿ ಯುಕೆಜಿ ಅಂದಾಗ ನಾವು ಬೀದಿಗಿಳಿದ್ವಿ, ಇರೋ ಮಕ್ಕಳೂ ಹೋದ್ರೆ ಕೇಂದ್ರ ಮುಚ್ಚಬೇಕಾಗುತ್ತೆ ಅನ್ನೋ ಭಯ. 2024ರಲ್ಲಿ ಅಂಗನವಾಡಿಲೇ ಸರ್ಕಾರಿ ಮಾಂಟೆಸ್ಸರಿ ಅಂತ ಶುರು ಮಾಡಿದ್ರು. ಬೋರ್ಡು ಬದಲಾದ್ರೆ ಸಾಲ್ದು, ಒಳಗಿರೋ ನಮಗೆ ಸರಿಯಾದ ಓದು ಕೊಡಿ, ಆ ಓದಿಗೆ ತಕ್ಕ ಸಂಬಳ ಕೊಡಿ. ಇನ್ನೂ ನಮ್ಮದು ಗೌರವಧನನೇ. ಗ್ರಾಚ್ಯುಟಿ ಕೂಡ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಮ್ಮ ಹಕ್ಕು ಅಂತಾಯ್ತು.

ಧಾರವಾಡದ_ಅಕ್ಕೋರು
ಆಕಿ ಮಾತಿನ್ಯಾಗ ನನ್ನ ಮೂವತ್ತು ವರ್ಷದ ಸಂಕಟಾನೂ ಐತಿ. 1975ರಾಗ ಈ ಅಂಗನವಾಡಿ ಯೋಜನೆ ಚಾಲೂ ಆತು, ನಮ್ಮ ರಾಜ್ಯದಾಗ ಮೊದ್ಲ ಟಿ. ನರಸೀಪುರದಾಗ. ಇಷ್ಟ ವರ್ಷ ಆದ್ರೂ ಕಾರ್ಯಕರ್ತಿ ಟೀಚರ್ ಹೌದೋ ಅಲ್ಲೋ ಅಂತ ಇನ್ನೂ ವಾದ ನಡದೈತಿ. ಡಿಗ್ರಿ ಮಾಡ್ರಿ ಅಂತ ನಾ ಹಟ ಹಿಡಿಯೂದು ಅದಕ್ಕ, ಕಾಗದ ಕೈಯಾಗ ಇದ್ರ ಮಾತಿಗೆ ತೂಕ ಬರ್ತೈತಿ.

ರಾಜೇಶ_ಬಿಎಡ್
ನಾನು ಮೇಲೆ ತಪ್ಪು ಹೇಳಿದ್ದೆ, ಮೇಷ್ಟ್ರಿಗೆ ಥ್ಯಾಂಕ್ಸ್. ನನ್ನ ನಾದಿನಿನೂ ಇದೇ ಲೆಕ್ಕಾಚಾರದಲ್ಲಿ ಬಿಎಡ್ ಸೇರೋಕೆ ಹೊರಟಿದ್ಲು, ಇದನ್ನ ಫಾರ್ವರ್ಡ್ ಮಾಡ್ತಿದ್ದೀನಿ.

ಸ್ಯಾನ್‌ಹೋಸೆ_ಕನ್ನಡತಿ
ಕ್ಯಾಲಿಫೋರ್ನಿಯಾದಿಂದ ಬರೀತಿದ್ದೀನಿ, ಮದುವೆ ಆಗಿ ಇಲ್ಲಿಗೆ ಬರೋ ನಮ್ಮ ಹುಡುಗೀರು ತುಂಬಾ ಜನ ಪ್ರಿಸ್ಕೂಲ್ ಕೆಲಸಕ್ಕೆ ಸೇರ್ತಾರೆ ಅದಕ್ಕೆ. ಇಲ್ಲಿ ಚೈಲ್ಡ್ ಡೆವಲಪ್‌ಮೆಂಟ್ ಪರ್ಮಿಟ್ ಅಂತ ಇದೆ, ಮೆಟ್ಟಿಲು ಮೆಟ್ಟಿಲಾಗಿ. ಅಸೋಸಿಯೇಟ್ ಟೀಚರ್‌ಗೆ 12 ಯೂನಿಟ್ (ಅಂದ್ರೆ ಕಾಲೇಜ್ ಕ್ರೆಡಿಟ್), ಟೀಚರ್‌ಗೆ 24 ಯೂನಿಟ್ ಮಕ್ಕಳ ವಿಷಯದ್ದು ಜೊತೆಗೆ 16 ಯೂನಿಟ್ ಸಾಮಾನ್ಯ ವಿಷಯದ್ದು, ಅದರ ಮೇಲೆ ಕೆಲಸದ ಅನುಭವ. ಕಮ್ಯುನಿಟಿ ಕಾಲೇಜಲ್ಲಿ ಸಂಜೆ ಕ್ಲಾಸ್ ಮಾಡ್ಕೊಂಡು ಕಟ್ಟಬಹುದು. ನಾನು ಊರಲ್ಲಿ ಮಾಡಿದ ಬಿಎ ಮೌಲ್ಯಮಾಪನ ಮಾಡಿಸಿದಾಗ ಸಾಮಾನ್ಯ ವಿಷಯಕ್ಕೆ ಲೆಕ್ಕಕ್ಕೆ ಬಂತು, ಯೂನಿವರ್ಸಿಟಿದು ಅಲ್ಲದ ಸರ್ಟಿಫಿಕೇಟ್ ಯಾವುದೂ ಬರ್ಲಿಲ್ಲ. ಊರು ಬಿಡೋ ಮುಂಚೆ ಮಾರ್ಕ್ಸ್ ಕಾರ್ಡ್ ಜೊತೆ ಸಿಲಬಸ್ಸೂ ಯೂನಿವರ್ಸಿಟಿ ಸೀಲ್ ಹಾಕಿಸಿ ತಗೊಳ್ಳಿ, ಆಮೇಲೆ ತರಿಸೋದು ಅಂದ್ರೆ ಅಪ್ಪ ಅಮ್ಮ ಆಫೀಸಿಗೆ ಹತ್ತು ಸಲ ಅಲೀಬೇಕು.

ಹಾಸನದ_ಮಿಸ್
ಎರಡು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕು ಅಂತ ಬಂದೆ. ಮೊದ್ಲು ಎನ್‌ಸಿಟಿಇ ಪಟ್ಟಿ ನೋಡ್ದೆ, ನಾನು ಓದಿದ ಜಾಗದ ಹೆಸರಿಲ್ಲ. ಧೈರ್ಯ ಮಾಡಿ ಅಲ್ಲಿಗೇ ಹೋಗಿ ಮಾನ್ಯತೆ ಆದೇಶದ ನಂಬರ್ ಕೊಡಿ ಅಂದೆ, ಮುಂದಿನ ವಾರ ಬಾ ಅಂದ್ರು. ಹೊಸ ಬ್ಯಾಚಿಗೆ ಸೇರೋಕೆ ಇಬ್ರು ಹುಡುಗೀರು ಅಪ್ಪಂದಿರ ಜೊತೆ ಬಂದಿದ್ರು, ಹೊರಗಡೆ ಮೆಟ್ಟಿಲ ಮೇಲೆ ಅವರಿಗೆ ಮೊಬೈಲಲ್ಲಿ ಆ ಪಟ್ಟಿ ತೋರಿಸ್ದೆ. ಒಬ್ಬಳು ವಾಪಸ್ ಹೋದ್ಲು.
ಈ ಜುಲೈಗೆ ಡಿಇಸಿಇ, ಬಿಎ ಎರಡಕ್ಕೂ ಅರ್ಜಿ ಹಾಕ್ತಿದ್ದೀನಿ. ಮನೇಲಿ ಒಪ್ಪಿದ್ರು, ನಮ್ಮ ಯಜಮಾನರು ಭಾನುವಾರ ಅಡುಗೆ ನಂದು ಅಂದ್ರು.
ಹುಬ್ಬಳ್ಳಿ ಮೇಡಂ, ಆ ಹುಡುಗನ ಚೀಲ ಕೀಳೋದು ಬಿಟ್ಟೆ. ನೋಟ್‌ಬುಕ್ ಇಟ್ಟು ಬರೀತಿದ್ದೀನಿ. ಐದನೇ ದಿನ ಚೀಲ ಬಿಚ್ಚಿ ನನಗೆ ತೋರಿಸ್ದ, ಒಳಗೆ ಅವನ ಅಜ್ಜಿಯ ಕನ್ನಡಕದ ಡಬ್ಬಿ ಇತ್ತು. ಖಾಲಿ ಡಬ್ಬಿ. ಅಜ್ಜಿ ಬೇಸಿಗೇಲಿ ತೀರ್ಕೊಂಡ್ರು ಅಂತ ಅವರಮ್ಮ ಹೇಳಿದ್ರು.

ಹುಬ್ಬಳ್ಳಿ_ಹೋಮ್‌ಸೈನ್ಸ್
ಇದನ್ನ ತಾರೀಖು ಹಾಕಿ ಬರದಿಡ್ರಿ. ನಿಮ್ಮ ಪ್ರಾಜೆಕ್ಟ್ ಇಲ್ಲಿಂದನ ಶುರು ಮಾಡ್ಬಹುದು, ಹುಡುಗನ ಹೆಸರಷ್ಟ ಬದಲಿ ಮಾಡಿ.

ಧಾರವಾಡದ_ಅಕ್ಕೋರು
ಆ ಡಬ್ಬಿ ಇಡಾಕ ಕ್ಲಾಸಿನ್ಯಾಗ ಅವಗೊಂದು ಜಾಗಾ ಮಾಡಿಕೊಡವ್ವಾ, ಅವನ ಕೈಗೆ ಎಟಕೂ ಎತ್ತರದಾಗ.